ಪುನರ್ವಸು ಮಳೆಗೆ ಜಗ್ಗದ ಟಿವಿ ಭರಣಿ ಮಳೆಗೆ ಯಾಕೆ ಮಲಗುತ್ತದೆ?

ಅಡಿಕೆಸಾಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಮುಂದೆ ತೋಟ, ಹಿಂದೆ ಗುಡ್ಡ. ಕೇಬಲ್ ಬರುವುದಿಲ್ಲ. ಮೊಬೈಲ್ ಮಾತಾಡಬೇಕೆಂದರೆ ಅಂಗಳದ ತುದಿಗೆ ಹೋಗಿ ತುಳಸಿಕಟ್ಟೆ ಪಕ್ಕ ನಿಲ್ಲಬೇಕು. ಹಾಗಾಗಿ ಟಿವಿಗೆ ಕೊಟ್ಟಿಗೆ ಗೋಡೆಗೆ ಹಾಕಿರುವ 60 ಸೆಂಟಿಮೀಟರ್ ಡಿಶ್ಶೇ ಗತಿ.

ಮಳೆ ಬಂದರೆ ಡಿಶ್ ಸಿಗ್ನಲ್ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ನನ್ನ ಪ್ರಶ್ನೆ ಅದಲ್ಲ. ಅಪ್ಪಯ್ಯ ಮೂವತ್ತು ವರ್ಷದಿಂದ ಮಳೆ ಲೆಕ್ಕ ಡೈರಿಯಲ್ಲಿ ಬರೆಯುತ್ತಾರೆ. ಕಳೆದ ವರ್ಷ ಜುಲೈಯ ಪುನರ್ವಸು ಮಳೆಯಲ್ಲಿ ಒಂದೇ ದಿನ 180 ಮಿ.ಮೀ. ಬಿದ್ದಿದೆ. ಅವತ್ತು ತೋಟಕ್ಕೆ ಇಳಿಯಲಾಗದೆ ದಿನವಿಡೀ ಟಿವಿ ಮುಂದೆ ಕೂತಿದ್ದೆವು. ಕರೆಂಟ್ ಎರಡು ಸಲ ಹೋಯಿತು, ಚಿತ್ರ ಒಂದು ಸಲವೂ ಹೋಗಲಿಲ್ಲ. ಈ ವರ್ಷ ಬೇಸಿಗೆಯ ಭರಣಿ ಮಳೆ ಒಂದು ಸಂಜೆ 25 ನಿಮಿಷದಲ್ಲಿ 40 ಮಿ.ಮೀ. ಸುರಿಯಿತು. ಟಿವಿ ಪೂರ್ತಿ ಕಪ್ಪು. 180ಕ್ಕೆ ಜಗ್ಗದ್ದು 40ಕ್ಕೆ ಯಾಕೆ ಮಲಗುತ್ತದೆ?

ಇನ್ನೊಂದು ವಿಚಿತ್ರ. ಬೇಸಿಗೆ ಮಳೆ ನಮ್ಮಲ್ಲಿ ಮೂಡು ದಿಕ್ಕಿನಿಂದ ಏಳುತ್ತದೆ. ಅಂಗಳಕ್ಕೆ ಇನ್ನೂ ಒಂದು ಹನಿ ಬಿದ್ದಿರುವುದಿಲ್ಲ, ಒಣಗಿಸಿದ ಅಡಿಕೆ ಎತ್ತಲು ಓಡುತ್ತಿರುತ್ತೇವೆ, ಆಗಲೇ ಟಿವಿ ಚೌಕ ಚೌಕವಾಗಿ ಒಡೆಯುತ್ತದೆ. ಮತ್ತೆ ಮಳೆ ಇನ್ನೂ ಸುರಿಯುತ್ತಿರುವಾಗಲೇ ಚಿತ್ರ ವಾಪಸ್ ಬರುತ್ತದೆ! ನಮ್ಮ ಅಮ್ಮ ಟಿವಿಯನ್ನೇ ಹವಾಮಾನ ವರದಿ ಮಾಡಿಕೊಂಡಿದ್ದಾರೆ. ಚೌಕ ಬಿದ್ದರೆ "ಬಟ್ಟೆ ತೆಗಿ" ಅನ್ನುತ್ತಾರೆ.

ಡಿಶ್ ರಿಪೇರಿಯವರು, ಡಿಶ್ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಹೋಗಿದೆ ಅಂತ ಎರಡು ಸಲ ಬದಲಾಯಿಸಿದರು. ಏನೂ ಪ್ರಯೋಜನ ಆಗಲಿಲ್ಲ. ತಿಳಿದವರು ಹೇಳಿ.

ಗುಬ್ಬಚ್ಚಿ ಉತ್ತರ:

ನಿಮ್ಮ ಅಮ್ಮನ ಉಪಾಯ ನಮ್ಮ ಮನೆಯಲ್ಲೂ ಇದೆ. ಧಾರಾವಾಹಿ ನಿಂತರೆ ಹಪ್ಪಳ ಒಳಗೆ. ಕಾರಣ ಮಾತ್ರ ಗೊತ್ತಿಲ್ಲ, ಸುಮ್ನೆ ಹೇಳಿದೆ.

ಹಳೇ ಕೇಬಲ್ ಉತ್ತರ:

ಅಡಿಕೆಸಾಲು ಅವರೇ, ಉತ್ತರ ನಿಮ್ಮ ತಂದೆಯವರ ಡೈರಿಯಲ್ಲೇ ಇದೆ. 180 ಮಿ.ಮೀ.ಯನ್ನು 24 ಗಂಟೆಗೆ ಹಂಚಿ. ಗಂಟೆಗೆ ಏಳೂವರೆ ಮಿ.ಮೀ. ಭರಣಿ ಮಳೆಯ 40 ಮಿ.ಮೀ.ಯನ್ನು 25 ನಿಮಿಷಕ್ಕೆ ಹಂಚಿ, ಅದೇ ಬಿರುಸು ಗಂಟೆಗೆ ಎಷ್ಟಾಗುತ್ತದೆ ನೋಡಿ. 96 ಮಿ.ಮೀ! ಸಿಗ್ನಲ್‌ಗೆ ದಿನದ ಒಟ್ಟು ಲೆಕ್ಕ ಬೇಡ. ಈ ಗಳಿಗೆಯಲ್ಲಿ, ಅದು ಬರುವ ದಾರಿಯಲ್ಲಿ ಎಷ್ಟು ನೀರಿದೆ, ಅಷ್ಟೇ.

ನಾನು 1994ರಿಂದ ಸುಮಾರು ಹದಿನೆಂಟು ವರ್ಷ ಸಾಗರದ ಹತ್ತಿರ ಕೇಬಲ್ ನಡೆಸಿದವನು. ಮಹಡಿ ಮೇಲೆ ಹನ್ನೆರಡು ಅಡಿಯ ಜಾಲರಿ ಡಿಶ್ ಇತ್ತು. ಮಕ್ಕಳು ಅದನ್ನು ಕೊಡೆ ಅನ್ನುತ್ತಿದ್ದರು. ಆರಿದ್ರಾ ಮಳೆ ಆರದೆ ಹೊಯ್ದರೂ ಕಂಟ್ರೋಲ್ ರೂಮಿನಲ್ಲಿ ಚಿತ್ರ ಅಲುಗುತ್ತಿರಲಿಲ್ಲ. ಮರ ಬಿದ್ದು ವೈರ್ ಹರಿದಾಗ ಮಾತ್ರ ಜನ ನನ್ನನ್ನು ಹುಡುಕಿಕೊಂಡು ಬಂದು ಬೈಯುತ್ತಿದ್ದರು. ಆಮೇಲೆ ಮನೆ ಮನೆಗೂ ಚಿಕ್ಕ ಡಿಶ್ ಬಂತು. ಮಳೆ ಬಂದರೆ ಚಿತ್ರ ಹೋಗುವುದೂ ಅದರ ಜೊತೆಗೇ ಬಂತು.

ವ್ಯತ್ಯಾಸ ಅಲೆಯ ಉದ್ದದಲ್ಲಿದೆ. ನನ್ನ ಹಳೇ ಡಿಶ್ ಹಿಡಿಯುತ್ತಿದ್ದದ್ದು ಸಿ ಬ್ಯಾಂಡ್ ಎಂಬ ಗುಂಪಿನ ಅಲೆಗಳನ್ನು, ಸುಮಾರು 4 ಗಿಗಾಹರ್ಟ್ಸ್. ಒಂದು ಅಲೆ ಏಳೂವರೆ ಸೆಂಟಿಮೀಟರ್ ಉದ್ದ. ಅದಕ್ಕೇ ಜಾಲರಿಯ ತೂತು ಕೂಡ ಅದಕ್ಕೆ ಲೆಕ್ಕಕ್ಕಿರಲಿಲ್ಲ. ನಿಮ್ಮ ಡಿಶ್ ಹಿಡಿಯುವುದು ಕೆಯು ಬ್ಯಾಂಡ್, 11 ಗಿಗಾಹರ್ಟ್ಸ್ ಆಸುಪಾಸು. ಅಲೆ ಮೂರು ಸೆಂಟಿಮೀಟರ್ ಕೂಡ ಇಲ್ಲ. ಬಿರುಮಳೆಯ ದಪ್ಪ ಹನಿ ನಾಲ್ಕೈದು ಮಿ.ಮೀ. ಇರುತ್ತದೆ. ಅಲೆ ಚಿಕ್ಕದಾದಷ್ಟೂ ಹನಿ ಅದಕ್ಕೆ ದೊಡ್ಡ ಅಡ್ಡಿ. ಹನಿ ಎರಡು ಕೆಲಸ ಮಾಡುತ್ತದೆ. ಸ್ವಲ್ಪ ಶಕ್ತಿಯನ್ನು ಕುಡಿದು ಬಿಸಿಯಾಗಿಸಿಕೊಳ್ಳುತ್ತದೆ, ಸ್ವಲ್ಪವನ್ನು ಅತ್ತಿತ್ತ ಚೆಲ್ಲುತ್ತದೆ.

ಲೆಕ್ಕ ಬೇಕೆಂದರೆ ಐಟಿಯು ಎಂಬ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯ ಸೂತ್ರವೊಂದಿದೆ. ಅದರ ಪ್ರಕಾರ 11 ಗಿಗಾಹರ್ಟ್ಸ್‌ನಲ್ಲಿ ಗಂಟೆಗೆ 10 ಮಿ.ಮೀ. ಮಳೆಯೊಳಗೆ ಒಂದು ಕಿಲೋಮೀಟರ್ ದಾಟಿದರೆ ಸುಮಾರು 0.3 ಡಿಬಿ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ) ನಷ್ಟ. 100 ಮಿ.ಮೀ. ಮಳೆಯಾದರೆ ಕಿಲೋಮೀಟರಿಗೆ 5 ಡಿಬಿ ಹತ್ತಿರ. ಮಳೆ ಹತ್ತು ಪಟ್ಟು, ಪೆಟ್ಟು ಹದಿನಾರು ಪಟ್ಟು. ಅದೇ 100 ಮಿ.ಮೀ. ಮಳೆಯಲ್ಲಿ ನನ್ನ ಸಿ ಬ್ಯಾಂಡ್‌ಗೆ 0.2 ಡಿಬಿ ಕೂಡ ಹೋಗುತ್ತಿರಲಿಲ್ಲ. 3 ಡಿಬಿ ಅಂದರೆ ಅರ್ಧ ಹೋಯಿತು, 10 ಡಿಬಿ ಅಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು, ಹೀಗೆ ನೆನಪಿಟ್ಟುಕೊಳ್ಳಿ. ಬಿರುಮಳೆಯ ಹೊಟ್ಟೆಯಲ್ಲಿ ಮೂರು ಕಿಲೋಮೀಟರ್ ದಾಟಿದರೆ 15 ಡಿಬಿ. ಮೂವತ್ತರಲ್ಲಿ ಒಂದು ಪಾಲು ಕೈಗೆ ಸಿಕ್ಕಿದರೆ ದೊಡ್ಡದು. 60 ಸೆಂಟಿಮೀಟರ್ ಡಿಶ್ ಅಷ್ಟನ್ನೆಲ್ಲ ತಡೆದುಕೊಳ್ಳುವುದಿಲ್ಲ.

ಇನ್ನು ಮಳೆ ಬರುವ ಮೊದಲೇ ಹೋಗುವುದು. ನಿಮ್ಮ ಡಿಶ್ ಆಗ್ನೇಯಕ್ಕೆ ಮುಖ ಮಾಡಿದೆ ಅಲ್ವಾ? ಜಿಸ್ಯಾಟ್-15 ಉಪಗ್ರಹದ ಕಡೆಗೆ ಅಂತ ಇಟ್ಟುಕೊಳ್ಳೋಣ. ಅದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಅದರ ಉಸ್ತುವಾರಿ ನೋಡುವುದು ನಮ್ಮ ಹಾಸನದಲ್ಲೇ ಇರುವ ಇಸ್ರೋ ನಿಯಂತ್ರಣ ಕೇಂದ್ರ. ನಿಮ್ಮ ಊರಿನಿಂದ ಆ ಉಪಗ್ರಹ ನೆಲದಿಂದ ಸುಮಾರು 63 ಡಿಗ್ರಿ ಮೇಲೆ ಕಾಣುತ್ತದೆ. ಅಂದರೆ ಸಿಗ್ನಲ್ ನೆತ್ತಿ ಮೇಲಿಂದ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಬರುತ್ತದೆ. ಐದು ಕಿಲೋಮೀಟರ್ ಎತ್ತರದಲ್ಲಿ ಅದರ ದಾರಿ ನಿಮ್ಮ ಮನೆಯಿಂದ ಎರಡು ಕಿಲೋಮೀಟರಿಗೂ ಆಚೆ, ಆಗ್ನೇಯದಲ್ಲಿ ಇರುತ್ತದೆ. ಮಳೆ ಮೂಡಿನಿಂದ ಬಂದರೆ ಮೊದಲು ಆ ದಾರಿಗೆ ಅಡ್ಡ ಬಂದು, ಆಮೇಲೆ ಅಂಗಳಕ್ಕೆ ಬರುತ್ತದೆ. ವಾಪಸ್ ಬರುವುದೂ ಹಾಗೇ. ಮೋಡದ ಹೊಟ್ಟೆ ದಾರಿ ಬಿಟ್ಟು ಪಡುವಣಕ್ಕೆ ಸರಿದ ಕೂಡಲೇ ಚಿತ್ರ ಬರುತ್ತದೆ, ನಿಮ್ಮ ಹಂಚಿನ ಮೇಲೆ ಮಳೆ ಹೊಡೆಯುತ್ತಲೇ ಇರುತ್ತದೆ. ನಿಮ್ಮ ತಾಯಿಯವರ ಹವಾಮಾನ ವರದಿಯಲ್ಲಿ ತಪ್ಪಿಲ್ಲ.

ಎಲ್‌ಎನ್‌ಬಿ ಮತ್ತೆ ಬದಲಾಯಿಸಬೇಡಿ. ಒಂದು ಕೆಲಸ ಮಾಡಿ. ಸೆಟ್‌ಟಾಪ್ ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಮುಂದಿನ ಮಳೆಗೆ ಎರಡನ್ನೂ ಬರೆದಿಡಿ.

ಅಡಿಕೆಸಾಲು ಉತ್ತರ:

ಸರ್, ತುಂಬಾ ಉಪಕಾರ. ಗಂಟೆಗೆ ಭಾಗಿಸಿ ತೋರಿಸಿದ್ದಕ್ಕೆ ಅಪ್ಪಯ್ಯನಿಗೆ ಬಹಳ ಖುಷಿ. "ನಾನು ಬರೆದಿಟ್ಟದ್ದು ಪ್ರಯೋಜನಕ್ಕೆ ಬಂತು ನೋಡು" ಅಂದರು. ನಿನ್ನೆ ಸಣ್ಣ ಮಳೆ ಬಂದಾಗ ಪಟ್ಟಿ ನೋಡಿದೆ. ಸ್ಟ್ರೆಂತ್ 82 ಇದ್ದದ್ದು 80 ಆಯಿತು, ಅಷ್ಟೇ. ಕ್ವಾಲಿಟಿ ಮಾತ್ರ 62ರಿಂದ 41ಕ್ಕೆ ಇಳಿಯಿತು. ಬರುವ ಸಿಗ್ನಲ್ ಕಡಿಮೆ ಆದರೆ ಸ್ಟ್ರೆಂತ್ ಕೂಡ ಬೀಳಬೇಕಲ್ಲ? ಬಾಕ್ಸೇ ಸುಳ್ಳು ಹೇಳುತ್ತಿದೆಯಾ?

ಹಳೇ ಕೇಬಲ್ ಉತ್ತರ:

ಬಾಕ್ಸ್ ಸುಳ್ಳು ಹೇಳುತ್ತಿಲ್ಲ. ಇದು ನನಗೂ ತಡವಾಗಿ ಅರ್ಥವಾದ ವಿಷಯ.

ಬರಿ ಆಕಾಶ ಡಿಶ್ ಕಣ್ಣಿಗೆ ತುಂಬಾ ತಣ್ಣಗಿನ ಜಾಗ. ಅಲ್ಲಿಂದ ಗದ್ದಲ, ಅಂದರೆ ಸಿಗ್ನಲ್ ಅಲ್ಲದ ಬೇಡದ ಅಲೆ, ಬರುವುದು ಕಡಿಮೆ. ಮಳೆ ಹನಿ ನಮ್ಮ ಮೈಗೆ ತಣ್ಣಗಿರಬಹುದು, ಆದರೆ ಡಿಶ್‌ಗೆ ಅದು ಒಲೆ ಇದ್ದ ಹಾಗೆ. ಶಕ್ತಿಯನ್ನು ಕುಡಿಯುವ ವಸ್ತು ತಾನೂ ಅದೇ ಅಲೆಗಳಲ್ಲಿ ಒಂದಿಷ್ಟನ್ನು ಹೊರಗೆ ಬಿಡುತ್ತದೆ. ಒಳ್ಳೆಯ ಎಲ್‌ಎನ್‌ಬಿ ಇರುವ ಮನೆ ಡಿಶ್‌ನಲ್ಲಿ, ಸಿಗ್ನಲ್ ಅರ್ಧ ಆಗುವಷ್ಟು ಮಳೆ ಬಂದರೆ ಗದ್ದಲ ಎರಡೂವರೆ ಪಟ್ಟಿನ ಹತ್ತಿರ ಏರಬಹುದು. ಒಂದೇ ಮಳೆಯಿಂದ ಎರಡು ಪೆಟ್ಟು. ಸ್ಟ್ರೆಂತ್ ಪಟ್ಟಿ ಸಿಗ್ನಲ್ ಮತ್ತು ಗದ್ದಲ ಎರಡನ್ನೂ ಕೂಡಿಸಿ ತೋರಿಸುತ್ತದೆ. ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ, ಪಟ್ಟಿ ಇದ್ದಲ್ಲೇ ಇರುತ್ತದೆ. ಕ್ವಾಲಿಟಿ ಅಂದರೆ ಗದ್ದಲದ ಮೇಲೆ ಸಿಗ್ನಲ್ ಎಷ್ಟು ತಲೆ ಎತ್ತಿ ನಿಂತಿದೆ ಎನ್ನುವುದು. ಜಾತ್ರೆಯಲ್ಲಿ ಮೈಕ್ ಜೋರಾಗಿಯೇ ಇರುತ್ತದೆ, ಕಳೆದುಹೋದ ಮಗುವಿನ ಹೆಸರು ಮಾತ್ರ ಕೇಳುವುದಿಲ್ಲ, ಹಾಗೆ.

ಹಳೇ ಅನಲಾಗ್ ಕಾಲದಲ್ಲಿ ಚುಕ್ಕೆ ಚುಕ್ಕೆಯಾದರೂ ಮುಖ ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಒಂದು ಮಟ್ಟದವರೆಗೆ ಚಿತ್ರ ಅಚ್ಚುಕಟ್ಟು, ಅದರ ಕೆಳಗೆ ಇಳಿದರೆ ಚೌಕ, ಮತ್ತೂ ಇಳಿದರೆ ಕಪ್ಪು.

ಮಳೆ ಶುರುವಾಗುವ ಮೊದಲು ನಿಮ್ಮ ಕ್ವಾಲಿಟಿ 62 ಅಂದಿರಿ. ಅದು ಸ್ವಲ್ಪ ಕಡಿಮೆಯೇ. ಎಲ್‌ಎನ್‌ಬಿ ಹಿಂದೆ ಕೇಬಲ್ ಸಿಕ್ಕಿಸುವ ಕನೆಕ್ಟರ್ ಬಿಚ್ಚಿ ನೋಡಿ. ಮಲೆನಾಡಿನಲ್ಲಿ ನೂರಕ್ಕೆ ಎಷ್ಟೋ ಕಡೆ ಅಲ್ಲೇ ನೀರು ಹೊಕ್ಕಿರುತ್ತದೆ. ಕೇಬಲ್ಲನ್ನು ನೇರ ಎಳೆಯದೆ, ಕನೆಕ್ಟರಿಗಿಂತ ಕೆಳಗೆ ಒಂದು ಜೋಲು ಬಿಟ್ಟು ಕಟ್ಟಿ. ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ. ಇಷ್ಟು ಮಾಡಿಯೂ ತಾಳ್ಮೆ ಕೆಟ್ಟರೆ 90 ಸೆಂಟಿಮೀಟರ್ ಡಿಶ್ ಹಾಕಿಸಿ. ಹಿಡಿಯುವ ವಿಸ್ತೀರ್ಣ ಎರಡೂ ಕಾಲು ಪಟ್ಟು, ಅಂದರೆ ಮೂರೂವರೆ ಡಿಬಿ ಲಾಭ. ಭರಣಿ ಮಳೆಗೆ ಅದೂ ಸೋಲುತ್ತದೆ, ಆದರೆ ಕಪ್ಪಾಗುವ ಹೊತ್ತು ಕಡಿಮೆಯಾಗುತ್ತದೆ.

ಉತ್ತರದ ಕಿಟಕಿ ಉತ್ತರ:

ನನ್ನ ತವರು ಸೊರಬ, ಈಗ ಇರುವುದು ನಾರ್ವೆಯ ಟ್ರೋಮ್ಸೋದಲ್ಲಿ. ಹಳೇ ಕೇಬಲ್ ಸರ್ ಮಳೆ ಬಗ್ಗೆ ಹೇಳಿದರು, ನಾನು ಹಿಮದ ಬಗ್ಗೆ ಸೇರಿಸುತ್ತೇನೆ. ಅಡಿಕೆಸಾಲು ಅವರೇ, ಇದು ನಿಮ್ಮ ತೋಟದ ಮೇಲೂ ನಡೆಯುತ್ತದೆ, ಹಾಗಾಗಿ ಓದಿ.

ನಾವಿರುವ ಮನೆಯ ಗೋಡೆಯಲ್ಲಿ ಟಿವಿ ಡಿಶ್ ಇದೆ. ಇಲ್ಲಿಗೆ ಬಂದ ಮೊದಲ ಚಳಿಗಾಲ ಹಿಮ ಸುರಿಯುವುದನ್ನು ನೋಡಿ, ಇವತ್ತು ಟಿವಿ ಮುಗಿಯಿತು ಅಂದುಕೊಂಡೆ. ಹೊರಗೆ ಮೈನಸ್ 8, ಎದುರುಮನೆ ಕಾಣುತ್ತಿಲ್ಲ, ಟಿವಿ ಮಾತ್ರ ಏನೂ ಆಗದವರ ಹಾಗೆ ನಡೆಯುತ್ತಿತ್ತು. ಏಪ್ರಿಲ್ ಬಂತು. ಪ್ಲಸ್ 1 ಡಿಗ್ರಿ, ಅರ್ಧ ಮಳೆ ಅರ್ಧ ಹಿಮ. ಇಲ್ಲಿಯವರು ಅದಕ್ಕೆ ಸ್ಲುಡ್ಡ್ ಅನ್ನುತ್ತಾರೆ. ನೋಡಲು ಏನೂ ಜೋರಿಲ್ಲ. ಚಿತ್ರ ಹೋಯಿತು.

ಕಾರಣ ಅಡಿಗೆ ಮನೆಯಲ್ಲೇ ನೋಡಬಹುದು. ಫ್ರೀಜರಿನಿಂದ ತೆಗೆದ ಗಟ್ಟಿ ಐಸ್ ಮತ್ತು ಅಷ್ಟೇ ನೀರನ್ನು ಬೇರೆ ಬೇರೆ ಬಟ್ಟಲಲ್ಲಿ ಮೈಕ್ರೋವೇವ್ ಒಲೆಯಲ್ಲಿಡಿ. ನೀರು ಬೇಗ ಬಿಸಿಯಾಗುತ್ತದೆ, ಐಸ್ ಹಾಗೇ ಕೂತಿರುತ್ತದೆ. ನೀರಿನ ಅಣುಗಳು ಅಲೆಯ ತಾಳಕ್ಕೆ ಹೊರಳಾಡುತ್ತವೆ, ಶಕ್ತಿ ಕುಡಿಯುತ್ತವೆ. ಐಸಿನಲ್ಲಿ ಅವು ಕೈಕಾಲು ಕಟ್ಟಿಸಿಕೊಂಡು ನಿಂತಿರುತ್ತವೆ. ಒಣ ಹಿಮವನ್ನು ಸಿಗ್ನಲ್ ಹೆಚ್ಚು ಕಡಿಮೆ ಹಾಗೇ ದಾಟುವುದು ಇದಕ್ಕೇ.

ಹಿಮದ ಎಸಳು ಕರಗಲು ಶುರುವಾದಾಗ ಮೊದಲು ಅದರ ಮೈಗೆ ನೀರಿನ ಪೊರೆ ಬರುತ್ತದೆ. ಒಳಗೆಲ್ಲ ಟೊಳ್ಳು, ಗಾಳಿ, ಐಸ್. ಆದರೆ ಅಲೆಗೆ ಅದು ಒಂದು ಭಾರೀ ಹನಿಯಂತೆ ಕಾಣುತ್ತದೆ. ಪೂರ್ತಿ ಕರಗಿದರೆ ಪುಟ್ಟ ಹನಿ ಆಗುವಂಥದ್ದು, ಕರಗುವ ಹೊತ್ತಿನಲ್ಲಿ ದೊಡ್ಡ ಮನುಷ್ಯನ ವೇಷ ಹಾಕಿಕೊಂಡಿರುತ್ತದೆ. ಜೊತೆಗೆ ಎಸಳು ನಿಧಾನಸ್ಥ. ಸೆಕೆಂಡಿಗೆ ಒಂದೆರಡು ಮೀಟರ್ ಇಳಿಯುತ್ತದೆ. ದಪ್ಪ ಮಳೆಹನಿ ಎಂಟೊಂಬತ್ತು ಮೀಟರ್ ಇಳಿಯುತ್ತದೆ. ತೇರಿನ ಮುಂದೆ ನಿಧಾನ ನಡೆಯುವ ಜನ ಹೇಗೆ ಒತ್ತೊತ್ತಾಗಿರುತ್ತಾರೋ ಹಾಗೆ ಕರಗುವ ಎಸಳುಗಳೂ ಒತ್ತಾಗಿರುತ್ತವೆ. ಹವಾಮಾನ ರಾಡಾರ್‌ನಲ್ಲಿ ಈ ಕರಗುವ ಪದರ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ದಪ್ಪ ಕೆಲವು ನೂರು ಮೀಟರ್ ಮಾತ್ರ.

ನಿಮ್ಮಲ್ಲಿ ಆ ಪದರ ಸುಮಾರು ಐದು ಕಿಲೋಮೀಟರ್ ಮೇಲಿದೆ. ಗುಡುಗು ಮೋಡದ ನೆತ್ತಿ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಭರಣಿ ಮಳೆಯಲ್ಲಿ ನಿಮ್ಮ ಅಡಿಕೆ ಮರದ ಮೇಲೆ ಬಿದ್ದ ಹನಿಗಳಲ್ಲಿ ಬಹಳಷ್ಟು ಸ್ವಲ್ಪ ಹೊತ್ತಿನ ಮುಂಚೆ ಹಿಮವೋ ಆಲಿಕಲ್ಲೋ ಆಗಿದ್ದವು! ಜುಲೈಯಲ್ಲಿ ಘಟ್ಟದ ಮೇಲಿನ ಮೋಡ ಅನೇಕ ಸಲ ಕುಳ್ಳು. ಹೆಪ್ಪುಗಟ್ಟುವ ಎತ್ತರಕ್ಕೆ ಏರದೆ ಅಲ್ಲೇ ಸುರಿದುಬಿಡುತ್ತದೆ. ಹನಿಯೂ ಸಣ್ಣದು. ನಿಮ್ಮ ಪುನರ್ವಸು ಮಳೆ ಟಿವಿಯನ್ನು ಸುಮ್ಮನೆ ಬಿಟ್ಟದ್ದರಲ್ಲಿ ಇದರ ಪಾಲೂ ಇದೆ.

ಆದರೆ ನಿಮಗೆ ಕರಗುವ ಪದರದ ಕಾಟ ಕಡಿಮೆ, ನಮಗೆ ಜಾಸ್ತಿ. ಇಲ್ಲಿಂದ ಉಪಗ್ರಹ ನೆಲಕ್ಕಿಂತ ಹತ್ತು ಡಿಗ್ರಿ ಚಿಲ್ಲರೆ ಮೇಲೆ ಮಾತ್ರ ಕಾಣುತ್ತದೆ. 500 ಮೀಟರ್ ದಪ್ಪದ ಪದರವನ್ನು ನಿಮ್ಮ ಸಿಗ್ನಲ್ 560 ಮೀಟರಿನಲ್ಲಿ ದಾಟಿಬಿಡುತ್ತದೆ. ನಮ್ಮದು ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ ಅದರೊಳಗೇ ಬರಬೇಕು. ಬಿರುಮಳೆಯಲ್ಲಿ ಮಳೆಯ ಪೆಟ್ಟೇ ದೊಡ್ಡದು, ಪದರದ್ದು ಮರೆತುಹೋಗುತ್ತದೆ. ಇಲ್ಲಿನ ಹಾಗೆ ಜಿನುಗು ಮಳೆಯಾದರೆ ಪದರದ ಪಾಲು ಎದ್ದು ಕಾಣುತ್ತದೆ.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ. ಉಪಗ್ರಹ ಅಷ್ಟು ಕೆಳಗಿರುವುದರಿಂದ ನಮ್ಮ ಡಿಶ್ ಮುಖ ತಗ್ಗಿಸಿ ನೆಲ ನೋಡುವ ಹಾಗೆ ನಿಂತಿದೆ. ಈ ಓರೆ ಡಿಶ್‌ಗಳು ನಿಜವಾಗಿ ನೋಡುವುದು ಒಂದು ಕಡೆ, ಮುಖ ಮಾಡಿದಂತೆ ಕಾಣುವುದು ಇನ್ನೊಂದು ಕಡೆ. ಹಾಗಾಗಿ ಅದರೊಳಗೆ ಹಿಮ ಕೂರುವುದೇ ಇಲ್ಲ. ಒದ್ದೆ ಹಿಮ ಅಂಟಿಕೊಳ್ಳುವುದು ಎಲ್‌ಎನ್‌ಬಿ ಮೂತಿಗೆ. ಸಿಗ್ನಲ್ ಎಲ್ಲಾ ಬಂದು ಸೇರುವ ಜಾಗ ಅದೇ ಅಲ್ವಾ? ನಮ್ಮ ಮನೆಯವರು ಉದ್ದ ಕೋಲಿಗೆ ಪಾತ್ರೆ ಒರೆಸುವ ಬಟ್ಟೆ ಕಟ್ಟಿ ಇಟ್ಟುಕೊಂಡಿದ್ದಾರೆ.

ಟವರ್ ಕೆಲಸ ಉತ್ತರ:

ನಾವು ಮೊಬೈಲ್ ಟವರ್‌ನಿಂದ ಟವರ್‌ಗೆ ಇರುವ ಮೈಕ್ರೋವೇವ್ ಲಿಂಕ್ ನೋಡಿಕೊಳ್ಳುವವರು. ಅಲ್ಲೂ ಇದೇ ಕಥೆ, ದಾರಿ ಮಾತ್ರ ಆಕಾಶಕ್ಕಲ್ಲ, ಅಡ್ಡಡ್ಡ. ಅಡಿಕೆಸಾಲು ಅವರ ಅಮ್ಮನ ಉಪಾಯ ಓದಿ ನೆನಪಾಯಿತು. 2006ರಲ್ಲಿ ಇಸ್ರೇಲಿನ ಹಗಿತ್ ಮೆಸ್ಸರ್ ಮತ್ತು ಜೊತೆಗಾರರು ಇಂಥ ಲಿಂಕ್‌ಗಳಲ್ಲಿ ಸಿಗ್ನಲ್ ಎಷ್ಟು ಇಳಿಯಿತು ಅಂತ ನೋಡಿ ಮಳೆ ಅಳೆಯಬಹುದು ಅಂತ ತೋರಿಸಿದರು. 2013ರಲ್ಲಿ ನೆದರ್ಲೆಂಡ್ಸಿನವರು ಇದೇ ದಾರಿಯಲ್ಲಿ ಇಡೀ ದೇಶದ ಮಳೆ ನಕ್ಷೆ ಮಾಡಿದರು. ನಮಗೆ ಬೈಗುಳ ತರುವ ಮಳೆ ಅವರಿಗೆ ಮಳೆ ಮಾಪಕ.

ಗುಬ್ಬಚ್ಚಿ ಉತ್ತರ:

ಮಾರ್ಚ್ ಮಧ್ಯದಲ್ಲಿ ನಾಲ್ಕೈದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚಿತ್ರ ಹೋಗುತ್ತಿತ್ತು. ಆಕಾಶದಲ್ಲಿ ಒಂದು ಮೋಡವೂ ಇಲ್ಲ. ಅದೂ ಮಳೆಯದೇ ಕೆಲಸವೇ?

ಹಳೇ ಕೇಬಲ್ ಉತ್ತರ:

ಅದು ಸೂರ್ಯನ ಕೆಲಸ. ಆ ಹೊತ್ತಿಗೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನೆ. ಅವನ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಕೆಲವು ನಿಮಿಷ ಅಷ್ಟೇ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ಮತ್ತೆ ಬರುತ್ತದೆ. ಹೀಗಲ್ಲದೆ ಬರಿ ಬಿಸಿಲಲ್ಲಿ ಚಿತ್ರ ಹೋದರೆ ಇನ್ನೊಂದು ಸಾಧ್ಯತೆ ಇದೆ. ಚಾನೆಲ್‌ಗಳನ್ನು ನೆಲದಿಂದ ಉಪಗ್ರಹಕ್ಕೆ ಏರಿಸುವ ಕೇಂದ್ರದ ಮೇಲೆ ಜೋರು ಮಳೆ ಇರಬಹುದು. ಅವರು ಮಳೆ ಬಂದಾಗ ಪವರ್ ಏರಿಸಿ ಸರಿದೂಗಿಸುತ್ತಾರೆ. ಅದಕ್ಕೂ ಒಂದು ಮಿತಿ ಇದೆಯಲ್ಲ.

ಉತ್ತರದ ಕಿಟಕಿ ಮೇಡಂ, ಕರಗುವ ಪದರದ ವಿಷಯ ನನಗೆ ಹೊಸದು. ಇಷ್ಟು ವರ್ಷ ಮಳೆಯನ್ನೇ ಬೈದೆ, ಅದರ ಮೇಲೊಬ್ಬ ಇದ್ದಾನೆ ಅಂತ ಗೊತ್ತಿರಲಿಲ್ಲ.

ಅಡಿಕೆಸಾಲು ಉತ್ತರ:

ಎಲ್ಲರಿಗೂ ವಂದನೆ. ವರದಿ ಒಪ್ಪಿಸುತ್ತಿದ್ದೇನೆ.

ಕನೆಕ್ಟರ್ ಬಿಚ್ಚಿದೆ. ಒಳಗೆ ತಾಮ್ರದ ತಂತಿಗೆ ಹಸಿರು ಕಿಲುಬು, ಜೊತೆಗೆ ಒಂದು ಇರುವೆ ಸಂಸಾರ. ಒಂದು ಗೇಣು ಕೇಬಲ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಟೇಪ್ ಸುತ್ತಿ, ಜೋಲು ಬಿಟ್ಟೆ. ಕ್ವಾಲಿಟಿ 62ರಿಂದ 70ಕ್ಕೆ ಏರಿತು. ಎರಡು ಎಲ್‌ಎನ್‌ಬಿ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ.

ನಿನ್ನೆ ಸಂಜೆ ಮೂಡಿನಿಂದ ಮಳೆ ಎದ್ದಿತು. ನಾನು ಮೆನು ತೆರೆದು ಕೂತೆ, ಅಪ್ಪಯ್ಯ ಗಡಿಯಾರ ಹಿಡಿದು ಜಗಲಿಯಲ್ಲಿ ನಿಂತರು. 4:02ಕ್ಕೆ ಕ್ವಾಲಿಟಿ 70. 4:06ಕ್ಕೆ 28, ಚಿತ್ರ ಚೌಕ. 4:08ಕ್ಕೆ ಸೊನ್ನೆ, ಆದರೆ ಸ್ಟ್ರೆಂತ್ ಇನ್ನೂ 74! ಅಂಗಳಕ್ಕೆ ಮೊದಲ ಹನಿ ಬಿದ್ದದ್ದು 4:12ಕ್ಕೆ. ನಡುವೆ ನಾಲ್ಕಾರು ಆಲಿಕಲ್ಲೂ ಬಿದ್ದವು, ಅಮ್ಮ ಒಂದನ್ನು ಬಟ್ಟಲಲ್ಲಿ ಎತ್ತಿಟ್ಟರು. 4:23ಕ್ಕೆ ಚಿತ್ರ ಬಂತು. ಮಳೆ ನಿಂತದ್ದು ಐದು ಗಂಟೆಗೆ.

ಅಪ್ಪಯ್ಯ ರಾತ್ರಿ ಡೈರಿಯಲ್ಲಿ ಮಳೆಯ ಅಂಕಿ ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಹೊಸ ಗೆರೆ ಎಳೆದರು. ಮೇಲೆ "ಟಿ.ವಿ." ಅಂತ ತಲೆಬರಹ, ಕೆಳಗೆ "15 ನಿಮಿಷ ಇಲ್ಲ" ಅಂತ ಬರೆದಿದ್ದಾರೆ.